ಗೋಡೆಯ ಮೇಲಿನ ಬೀದಿ

ನಮ್ಮ ಬೀದಿಯಲ್ಲಿ ಎಡಚ ಎಂದರೆ ಒಬ್ಬನೇ. ಎಡಗೈಯಲ್ಲಿ ಬರೆಯುವವರು, ಉಣ್ಣುವವರು ಇನ್ನೂ ಕೆಲವರಿದ್ದರು. ಆದರೆ ಎಡಗೈಯಲ್ಲಿ ಪಿಸ್ತೂಲು ಹಿಡಿದವನು ಅವನೊಬ್ಬನೇ ಆದ್ದರಿಂದ ಆ ಹೆಸರು ಅವನಿಗೇ ಅಂಟಿಕೊಂಡಿತು.

ಅವನು ಭಾವನ ಕಾಲಿಗೆ ಹೊಡೆದದ್ದು ಹಟದಿಂದಲ್ಲ. ಭಾವ ಎಂದರೆ ಪಕ್ಕದ ಹೊಲಿಗೆ ಅಂಗಡಿಯ ಅಕ್ಕನ ಗಂಡ. ನನ್ನದು ಇಸ್ತ್ರಿ ಅಂಗಡಿ. ನಡುವೆ ಒಂದೇ ಗೋಡೆ ಇರುವುದರಿಂದ ಒಡಹುಟ್ಟಿದವರಿಗಿಂತ ಹೆಚ್ಚು ಬಳಕೆ. ಅವತ್ತು ಅಕ್ಕ ನನ್ನ ಅಂಗಡಿಯ ಮುಂದೆ ನಿಂತು ಮಾತಾಡುತ್ತಿದ್ದಳು. ಭಾವ ಊಟದ ಹೊತ್ತಾಯಿತೆಂದು ಒಳಗಿನಿಂದ ಶಟರ್ ಎಳೆಯುತ್ತಿದ್ದ. ಎಡಚ ಯಾರನ್ನೋ ಅಟ್ಟಿಸಿಕೊಂಡು ಬಂದು ಬೀದಿಯ ನಡುವೆ ನಿಂತು ಗುಂಡು ಹಾರಿಸಿದ. ಮುಂದೆ ಓಡುತ್ತಿದ್ದವನು ತಪ್ಪಿಸಿಕೊಂಡ. ಗುಂಡು ಶಟರನ್ನು ತೂತು ಮಾಡಿ ಭಾವನ ಬಲತೊಡೆಗೆ ಹೊಕ್ಕಿತು. ನಾನು ಇಸ್ತ್ರಿ ಮೇಜಿನ ಕೆಳಗೆ ನುಗ್ಗಿದೆ. ಅಕ್ಕ ನಿಂತಲ್ಲೇ ನಿಂತು ನೋಡಿದಳು.

ಭಾವನ ತೊಡೆಯ ಹೊಲಿಗೆ ಬಿಚ್ಚುವ ಮೊದಲೇ ಎಡಚ ಜಾಮೀನಿನ ಮೇಲೆ ಹೊರಗೆ ಬಂದ. ಅದು ಅವನಿಗೆ ಹೊಸದಲ್ಲ. ಹಿಂದೆಯೂ ಹೀಗೆ ಹೋಗಿ ಹೀಗೇ ಬಂದಿದ್ದ.

"ಜೈಲು ಅಂದ್ರೆ ಇವನಿಗೆ ಮಾವನ ಮನೆ. ಉಂಡು, ಮಲಗಿ, ಮೈ ತುಂಬ್ಕೊಂಡು ಬರ್ತಾನೆ" ಎಂದ ಔಷಧಿ ಅಂಗಡಿಯವನು. ಅವನನ್ನು ನಾವೆಲ್ಲ ಮಾತ್ರೆ ಎಂದೇ ಕರೆಯುವುದು. ನಮ್ಮ ಬೀದಿಯ ಸಿಟ್ಟನ್ನೆಲ್ಲ ಮಾತಿಗಿಳಿಸುವವನು ಅವನೇ.

ಬಂದವನು ಸುಮ್ಮನಿದ್ದನೇ? ಒಂದು ಪ್ಯಾಂಟು ಹಿಡಿದುಕೊಂಡು ನೇರವಾಗಿ ಹೊಲಿಗೆ ಅಂಗಡಿಗೇ ಬಂದ. ಎಡಗಡೆಯ ಜೇಬು ಭಾರಕ್ಕೆ ಹರಿದು ಜೋತಾಡುತ್ತಿತ್ತು. ಯಾವ ಭಾರಕ್ಕೆ ಹರಿದದ್ದು ಎಂದು ಕೇಳಬೇಕಾಗಿರಲಿಲ್ಲ.

"ಇದನ್ನ ಸ್ವಲ್ಪ ಗಟ್ಟಿಯಾಗಿ ಹೊಲಿದು ಕೊಡಿ" ಎಂದ.

ಅಕ್ಕ ಜೇಬಿನೊಳಗೆ ಎರಡು ಬೆರಳು ತೂರಿಸಿ, ಆಚೆ ತೆಗೆದು, ಪ್ಯಾಂಟು ಮಡಚಿ ಕೊಟ್ಟಳು. "ಈ ಜೇಬಿಗೆ ಆಗೋ ದಾರ ನನ್ನ ಹತ್ರ ಇಲ್ಲಪ್ಪ."

ಭಾವನಿಗೆ ಆಗ ಮಹಡಿಯ ಮನೆಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಮೇಲೆ ಹಾಸಿಗೆ ಹಾಸಿ ಅಲ್ಲೇ ಮಲಗಿಸುತ್ತಿದ್ದಳು. ಮಧ್ಯಾಹ್ನ ಶಟರ್ ಎಳೆದು, ದೀಪ ಆರಿಸಿ, ಬಿಸಿಲು ಕಣ್ಣಿಗೆ ಹೊಡೆಯದಿರಲೆಂದು ಶಟರಿನ ಬುಡಕ್ಕೆಲ್ಲ ಚಿಂದಿ ತುರುಕುತ್ತಿದ್ದಳು. ಗುಂಡಿನ ತೂತೊಂದನ್ನು ಮಾತ್ರ ಮುಚ್ಚಿರಲಿಲ್ಲ. ಗಾಳಿಗಾದರೂ ಇರಲಿ ಎಂದು.

ಹಾಗೆ ಕತ್ತಲಲ್ಲಿ ಮಲಗಿದ್ದ ಭಾವ ಒಂದು ಮಧ್ಯಾಹ್ನ ಮೆಲ್ಲಗೆ ಕರೆದ. "ಏನೇ, ಗೋಡೆ ಮೇಲೆ ಜನ ಓಡಾಡ್ತಿದ್ದಾರೆ ಕಣೆ."

ಅಕ್ಕ ಅವನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. ಆಮೇಲೆ ಗೋಡೆ ನೋಡಿದಳು. ನೋಡಿದವಳು ಹಿಂದಿನ ಓಣಿಯ ಬಾಗಿಲಿನಿಂದ ಓಡಿ ಬಂದು, ಇಸ್ತ್ರಿ ಪೆಟ್ಟಿಗೆ ಹಿಡಿದಿದ್ದ ನನ್ನ ಕೈಯನ್ನೇ ಹಿಡಿದು ಎಳೆದಳು.

ಒಳಗೆ ಹೋದಾಗ ಮೊದಲು ಬರೀ ಕತ್ತಲು. ಕಣ್ಣು ಹೊಂದಿಕೊಂಡಂತೆ ಹಿಂದಿನ ಬಿಳಿ ಗೋಡೆಯ ಮೇಲೆ ನಮ್ಮ ಬೀದಿ ತಲೆಕೆಳಗಾಗಿ ನಿಂತಿತ್ತು. ಮೇಲೆ ರಸ್ತೆ, ಕೆಳಗೆ ಆಕಾಶ. ಎದುರಿನ ಬೇಕರಿಯ ಕೆಂಪು ಬೋರ್ಡು, ಅಕ್ಷರ ಓದಲಾಗದಷ್ಟು ಮಸುಕಾಗಿ, ಕೆಳಗೆ ತೂಗಾಡುತ್ತಿತ್ತು. ಒಬ್ಬ ಹೆಂಗಸು ಹಸಿರು ಕೊಡೆ ಹಿಡಿದು ಸೂರಿಗೆ ಕಾಲೂರಿ ನಡೆದು ಹೋದಳು. ಸೈಕಲ್ಲಿನವನೊಬ್ಬ ನೊಣದ ಹಾಗೆ ಮೇಲೆ ಅಂಟಿಕೊಂಡು ಜಾರಿದ. ಬಣ್ಣ ಒಂದೂ ತಪ್ಪಿರಲಿಲ್ಲ. ಕೆಳಗಿನ ಆಕಾಶದಲ್ಲಿ ಒಂದು ಮೋಡ ನಮ್ಮ ಕಾಲ ಬಳಿ ಬಂದು, ನಿಂತು, ಹೋಯಿತು. ಆ ಬೀದಿಯಲ್ಲಿ ನಾನು ಎಷ್ಟೋ ವರ್ಷದಿಂದ ಇದ್ದೇನೆ. ಅದು ಅಷ್ಟು ಚೆಂದ ಎಂದು ಅವತ್ತಿನವರೆಗೆ ನನಗೆ ಗೊತ್ತಿರಲಿಲ್ಲ. ಮೂವರೂ ಉಸಿರು ಬಿಗಿಹಿಡಿದು ಕೂತೆವು. ಜೋರಾಗಿ ಮಾತಾಡಿದರೆ ಹಾರಿಹೋಗುವುದೇನೋ ಎಂಬಂತೆ.

ಮಾತ್ರೆಯೂ ಬಂದು ನೋಡಿದ. "ಸ್ಕೂಲಲ್ಲಿ ಹೇಳಿಕೊಟ್ಟಿದ್ರು. ಬೆಳಕು ನೇರ ಹೋಗುತ್ತೆ. ಸಣ್ಣ ತೂತಲ್ಲಿ ದಾಟ್ಬೇಕಾದ್ರೆ ಮೇಲಿಂದು ಕೆಳಗೆ, ಕೆಳಗಿಂದು ಮೇಲೆ. ಅಷ್ಟೇ" ಎಂದ. ಅಷ್ಟೇ ಎಂದವನು ಅಂಗಡಿ ಬಿಟ್ಟು ದಿನಾ ಬರತೊಡಗಿದ. ಅವನ ವಿದ್ಯೆ ಅರ್ಧ, ನಮ್ಮದು ಸೊನ್ನೆ. ಹಾಗಾಗಿ ಉಳಿದರ್ಧವನ್ನು ಕೇಳಲು ಯಾರಿಗೂ ತೋಚಲಿಲ್ಲ.

ಚಿತ್ರ ನೆಟ್ಟಗೆ ಕಾಣಬೇಕೆಂದರೆ ತಲೆ ಕೆಳಗೆ ಮಾಡಬೇಕು. ಮಕ್ಕಳು ಬಗ್ಗಿ ಕಾಲ ಸಂದಿಯಿಂದ ನೋಡುತ್ತಿದ್ದವು. ನನ್ನ ಮೈಗೆ ಅದು ಆಗದ ಮಾತು. ಅಕ್ಕ ಮಾತ್ರ ಮೇಜಿನ ಮೇಲೆ ಅಂಗಾತ ಮಲಗಿ, ತಲೆಯನ್ನು ಅಂಚಿನಿಂದ ಕೆಳಕ್ಕೆ ಇಳಿಬಿಟ್ಟು ನೋಡುತ್ತಿದ್ದಳು. ಬೆನ್ನುನೋವಿಗೂ ಒಳ್ಳೆಯದು ಎನ್ನುತ್ತಿದ್ದಳು.

ಬೇಕರಿಯವನು ಸತ್ತ ದಿನವೂ ಹಾಗೇ ಮಲಗಿದ್ದಳು. ಭಾವನನ್ನು ವ್ಯಾಯಾಮಕ್ಕೆಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಒಳಗೆ ಅವಳೊಬ್ಬಳೇ. ಗೋಡೆಯ ಮೇಲೆ ಹೆಲ್ಮೆಟ್ ಹಾಕಿದವನೊಬ್ಬ ಬೈಕ್ ನಿಲ್ಲಿಸಿ, ಬೇಕರಿಯ ಮೆಟ್ಟಿಲ ಮೇಲೆ ನಿಂತಿದ್ದ ಬೇಕರಿಯವನ ಕಡೆಗೆ ಎಡಗೈ ಚಾಚುವುದು ಕಂಡಿತು. ಗುಂಡಿನ ಶಬ್ದಕ್ಕೆ ಬೆಚ್ಚಿ ಎದ್ದು ಕೂತಳು. ಬೈಕು ಆಗಲೇ ಹೊರಟಿತ್ತು. ಬೀದಿಯವರು ಅಂಗಡಿಗಳಿಂದ ಹೊರಬರುವಷ್ಟರಲ್ಲಿ ಕಂಡದ್ದು ಬೆನ್ನು ಮತ್ತು ಹೆಲ್ಮೆಟ್ ಮಾತ್ರ. ಕೈ ನೋಡಿದವಳು ಅಕ್ಕ ಒಬ್ಬಳೇ.

ಎಡಗೈ ಎಂದ ಕೂಡಲೇ ಬೇರೆ ಹೆಸರು ಯಾರ ಬಾಯಿಗೂ ಬರಲಿಲ್ಲ. ಹಿಂದಿನ ವಾರವಷ್ಟೇ ಬೇಕರಿ ಮುಂದೆ ಬೈಕ್ ನಿಲ್ಲಿಸುವ ವಿಷಯಕ್ಕೆ ಎಡಚ ಬೇಕರಿಯವನ ಕುತ್ತಿಗೆಪಟ್ಟಿ ಹಿಡಿದಿದ್ದ. ಇನ್ಸ್‌ಪೆಕ್ಟರ್ ಬಂದ. "ಶಟರ್ ಮುಚ್ಚಿತ್ತು ಅಂತೀರಿ, ನೋಡಿದೆ ಅಂತೀರಿ. ಏನಮ್ಮ ಇದು?" ಎಂದು ರೇಗಿದ. ಅಕ್ಕ ಅವನನ್ನು ಒಳಗೆ ಕರೆದು ದೀಪ ಆರಿಸಿದಳು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನಿಂತ. ಅವಳು ಹೇಳಿದ್ದನ್ನೆಲ್ಲ ಬರೆದುಕೊಂಡು ಹೋದ. ಎಡಚ ಆ ಹೊತ್ತಿಗೆ ಮನೆಯಲ್ಲಿ ಮಲಗಿದ್ದ ಎಂದು ಅವನ ತಾಯಿ ಹೇಳಿದಳು. ಹೆತ್ತವರಿಗೆ ಹೆಗ್ಗಣ ಮುದ್ದು, ಯಾರು ನಂಬುತ್ತಾರೆ?

ಈ ಸಲ ಅವನಿಗೆ ಜಾಮೀನು ಸಿಗಲಿಲ್ಲ. ನಮ್ಮ ಬೀದಿಯಲ್ಲಿ ಜನ ಮತ್ತೆ ಮೆಟ್ಟಿಲ ಮೇಲೆ ಕೂತು ಹರಟತೊಡಗಿದರು. "ಅಂತೂ ಒಂದು ಸಲ ಕೋರ್ಟು ಕಣ್ಣು ಬಿಡ್ತು" ಎಂದ ಮಾತ್ರೆ. ಅಕ್ಕನ ಅಂಗಡಿಗೆ ಗಿರಾಕಿಗಳು ಹೆಚ್ಚಾದರು. ಕೊಲೆಗಾರನನ್ನು ಹಿಡಿದುಕೊಟ್ಟ ಕೈ ಹೊಲಿದ ಅಂಗಿ ಎಂದರೆ ಸುಮ್ಮನೆಯೇ?

ಭಾವ ಊರುಗೋಲು ಹಿಡಿದು ಮೊದಲ ಬಾರಿಗೆ ಒಬ್ಬನೇ ಬೀದಿಗಿಳಿದ ಮಧ್ಯಾಹ್ನ ನಾನೂ ಒಳಗಿದ್ದೆ. "ನೀವು ನಡೀರಿ, ನಾನು ಗೋಡೆ ಮೇಲೆ ನೋಡ್ತೀನಿ" ಎಂದು ಅಕ್ಕ ಅವನನ್ನು ಕಳಿಸಿ ಶಟರ್ ಎಳೆದಳು. ಹೊಸದಾಗಿ ಹೊಲಿದ ಬಿಳಿ ಅಂಗಿ ಹಾಕಿಸಿದ್ದಳು. ಅದಕ್ಕೆ ಕಡುನೀಲಿ ಜೇಬು. ಗುಂಪಿನಲ್ಲೂ ಗುರುತು ಸಿಗಲಿ ಎಂದು. ತಲೆ ಇಳಿಬಿಟ್ಟು ಮಲಗಿದಳು. ಭಾವ ಗೋಡೆಗೆ ಬಂದ. ಒಂದೊಂದೇ ಹೆಜ್ಜೆ. ಮಗು ಮೊದಲು ನಡೆದಾಗ ತಾಯಿ ನಕ್ಕಹಾಗೆ ಅಕ್ಕ ನಕ್ಕಳು. ಆ ನಗು ಅರ್ಧದಲ್ಲೇ ನಿಂತಿತು.

"ಇವರು ಯಾಕೆ ಎಡಗಾಲು ಕುಂಟ್ತಿದ್ದಾರೆ?"

ಅವಳ ಮುಖ ನೋಡಿ ನನಗೆ ಹೆದರಿಕೆಯಾಯಿತು. ಅವಳ ಪಕ್ಕ ಮೇಜಿನ ಮೇಲೆ ಮಲಗಿ ನಾನೂ ತಲೆ ಇಳಿಬಿಟ್ಟೆ. ಭಾವ ಎಡಗಾಲು ಎಳೆಯುತ್ತಿದ್ದ. ನೀಲಿ ಜೇಬು ಬಲಗಡೆ ಎದೆಯ ಮೇಲಿತ್ತು.

"ಎಡಗಡೆ ಇಟ್ಟು ಹೊಲಿದದ್ದು ನಾನು" ಎಂದಳು ಅಕ್ಕ. ಎದ್ದು ಹೋಗಿ, ಹೊಲಿದಿಟ್ಟಿದ್ದ ಯಾರದೋ ಅಂಗಿಯನ್ನು ಒಳಮೈ ಹೊರಗೆ ಮಾಡಿ ಮೇಜಿನ ಮೇಲೆ ಹರಡಿದಳು. ಎಡತೋಳು ಬಲಕ್ಕೆ ಬಂದಿತ್ತು. "ದಿನಾ ಮಾಡೋ ಕೆಲಸ ಕಣೆ ಇದು. ಇಷ್ಟು ದಿನ ನಾವು ಬೀದೀನ ಒಳಮೈಯಿಂದ ನೋಡ್ತಿದ್ವಿ. ಮೇಲು ಕೆಳಗಾಗಿದ್ದು ಎಲ್ರಿಗೂ ಕಾಣ್ತು. ಎಡ ಬಲ ಆಗಿದ್ದು ಯಾರಿಗೂ ಕಾಣ್ಲಿಲ್ಲ."

ಬೇಕರಿಯವನಿಗೆ ಗುಂಡು ಹೊಡೆದದ್ದು ಬಲಗೈ. ಎಡಚನಲ್ಲ.

ಆ ಸಂಜೆ ಭಾವ, ಮಾತ್ರೆ, ನಾನು ಮೂವರೂ ಅವಳ ಎದುರು ಕೂತೆವು. ಸಾಕ್ಷಿ ಹೇಳುವ ದಿನ ಹತ್ತಿರದಲ್ಲಿತ್ತು.

"ಅಕ್ಕ, ನಿನ್ನ ಕಾಲಿಗೆ ಬೀಳ್ತೀನಿ, ಬಾಯಿಗೆ ಹೊಲಿಗೆ ಹಾಕ್ಕೋ" ಎಂದ ಮಾತ್ರೆ. "ಅವನು ಇದು ಮಾಡಿಲ್ಲ ಅಂದ್ರೆ ಇನ್ನೊಂದು ಮಾಡಿದ್ದಾನೆ. ಇನ್ನೂ ಹತ್ತು ಮಾಡ್ತಾನೆ. ಕೋರ್ಟು ಒಂದು ಸಲ ಹಿಡ್ಕೊಂಡಿದೆ. ನೀನೇ ಕೈ ಹಿಡಿದು ಬಿಡಿಸ್ತೀಯಾ?"

"ನಿನ್ನ ಅಂಗಡೀಲಿ ಒಬ್ಬರ ಚೀಟಿಗೆ ಇನ್ನೊಬ್ಬರ ಮಾತ್ರೆ ಕೊಡ್ತೀಯೇನೋ?"

"ಇಬ್ರಿಗೂ ಅದೇ ರೋಗ ಇದ್ರೆ ಕೊಡ್ತೀನಿ."

ಭಾವ ಊರುಗೋಲಿನ ತುದಿಯಿಂದ ನೆಲ ಕೆರೆಯುತ್ತಿದ್ದ. "ನನ್ನ ಕಾಲಿಗೆ ಈ ಕೋರ್ಟು ಏನೂ ಕೊಡ್ಲಿಲ್ಲ. ಅವನು ಎದುರಿಗೇ ಓಡಾಡ್ಕೊಂಡಿದ್ದ. ಈಗ ತಪ್ಪು ಹೆಸರಲ್ಲಾದ್ರೂ ಶಿಕ್ಷೆ ಆಗ್ತಿದೆ. ಆಗ್ಲಿ ಬಿಡು. ನೀನು ನನ್ನ ಹೆಂಡ್ತಿ, ಅವನ ಲಾಯರ್ ಅಲ್ಲ."

ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು. ಪೋಣಿಸಿ, ಗಂಟು ಹಾಕಿ ಹೇಳಿದಳು. "ಒಬ್ಬನ ಅಳತೆಗೆ ಹೊಲಿದದ್ದನ್ನ ಇನ್ನೊಬ್ಬನಿಗೆ ತೊಡಿಸಿ ಕಳಿಸಿದ್ರೆ, ಆ ಮೊದಲನೆಯವನು ಎಲ್ಲಿದ್ದಾನ್ರಿ? ನಮ್ಮ ಮಧ್ಯೆನೇ ಇದ್ದಾನೆ. ಬ್ರೆಡ್ ತಗೊಳ್ಳೋಕೆ ಅದೇ ಬೇಕರಿಗೆ ಬರ್ತಿರಬಹುದು. ಅವನನ್ನ ಯಾರೂ ಹುಡುಕ್ತಿಲ್ಲ, ನನ್ನ ಮಾತಿಂದ."

ಭಾವ ಎದ್ದು ಹೋದ. ಆಮೇಲೆ ಕೆಲವು ದಿನ ಆ ಮನೆಯಲ್ಲಿ ತಟ್ಟೆ ಲೋಟದ ಸದ್ದು ಬಿಟ್ಟರೆ ಬೇರೆ ಮಾತಿರಲಿಲ್ಲ. ಬೀದಿಗೂ ಸುದ್ದಿ ಹಬ್ಬಿತು. ಅಳತೆ ಕೊಟ್ಟು ಹೋದವರೇ ಬಟ್ಟೆ ವಾಪಸ್ಸು ಕೇಳಿದರು.

ಕೋರ್ಟಿಗೆ ಹೋಗುವ ಮೊದಲು ಅಕ್ಕ ಒಬ್ಬರಿಗೆ ಮಾತ್ರ ತಾನೇ ಹೇಳಿ ಹೋಗಬೇಕೆಂದಳು. ಬೇಕರಿಯವನ ಹೆಂಡತಿಗೆ. ನಾನೇ ಹಿಂಬಾಗಿಲಿನಿಂದ ಅವಳನ್ನು ಕರೆತಂದೆ. ಗಂಡ ಹೋದಮೇಲೆ ಅವಳೇ ಬೇಕರಿ ನಡೆಸುತ್ತಿದ್ದಳು. ಮೊಣಕೈವರೆಗೂ ಹಿಟ್ಟು ಅಂಟಿತ್ತು. ಅಕ್ಕ ಎಲ್ಲವನ್ನೂ ಹೇಳಿದಳು. ಅವಳು ಕೇಳುತ್ತಿದ್ದಳೋ ಇಲ್ಲವೋ, ಕಣ್ಣು ಗೋಡೆಯ ಮೇಲಿತ್ತು. ಅಲ್ಲಿ ಅವಳ ಬೇಕರಿಯ ಮೆಟ್ಟಿಲು ತಲೆಕೆಳಗಾಗಿ ಬೆಳಗುತ್ತಿತ್ತು.

"ಅವತ್ತು ಅವರು ಬಿದ್ದಿದ್ದು ಈ ಗೋಡೆ ಮೇಲೂ ಕಾಣ್ತಾ?"

"ಕಾಣ್ತು ತಂಗಿ."

"ಹೇಗೆ ಬಿದ್ರು?"

"ಶಬ್ದಕ್ಕೆ ನಾನು ಎದ್ದು ಕೂತಿದ್ದೆ. ಇಲ್ಲಿ ನೆಲ ಮೇಲಿದೆ, ನೋಡು. ಹೊರಗಿಂದ ನೋಡಿದ್ರೆ ಅವರು ಕೆಳಗೆ ಬಿದ್ದ ಹಾಗೆ ಕಾಣ್ತಿತ್ತು. ನನ್ನ ಕಣ್ಣಿಗೆ ಮಾತ್ರ ಮೇಲಕ್ಕೆ ಹೋದ್ರು. ಮೆಲ್ಲಗೆ, ಎರಡೂ ಕೈ ಬಿಚ್ಚಿಕೊಂಡು. ಯಾರೋ ಮೇಲಿಂದ ಎತ್ತಿಕೊಂಡ ಹಾಗೆ."

ಆ ಹೆಣ್ಣು ಹಿಟ್ಟಿನ ಕೈಯನ್ನು ಗೋಡೆಗೆ ಚಾಚಿದಳು. ಬೀದಿ ಅವಳ ಬೆರಳುಗಳ ಮೇಲೆ ಹರಿಯಿತು. ಯಾರೋ ದಾರಿಹೋಕ ಅವಳ ಅಂಗೈಯಲ್ಲಿ ನಡೆದು ದಾಟಿದ. ಕೈ ಹಿಂದಕ್ಕೆ ತೆಗೆದು ಅವಳು ಹೇಳಿದಳು, "ಹೇಳಿ ಅಕ್ಕ. ಹೊಡೆದವನು ಬೇಕು ನಂಗೆ. ಸಿಕ್ಕಿದವನು ಬೇಡ."

ಕೋರ್ಟಿನಲ್ಲಿ ಅಕ್ಕ ಹೇಳಿದ್ದನ್ನು ಕೇಳಿ ಸರ್ಕಾರಿ ಲಾಯರ್ ತಲೆ ಚಚ್ಚಿಕೊಂಡ. ಜಡ್ಜಮ್ಮ ಮಾತ್ರ, ತಾನೇ ಬಂದು ನೋಡುತ್ತೇನೆ ಎಂದಳು. ಭಾವನ ಕೇಸಿನಲ್ಲಿ ಎಡಚನಿಗೆ ಜಾಮೀನು ಕೊಟ್ಟಿದ್ದವಳು ಅವಳೇ. ಹಾಗಾಗಿ ಅವಳ ಕಾರು ಬಂದು ನಿಂತಾಗ ಬೀದಿಯಲ್ಲಿ ಯಾರೂ ಎದ್ದು ನಿಲ್ಲಲಿಲ್ಲ. "ಬಂದ್ಲು ಕರುಣಾಮಯಿ" ಎಂದು ಮಾತ್ರೆ ಕೇಳಿಸುವ ಹಾಗೇ ಗೊಣಗಿದ. ಅವಳು ಅವನತ್ತ ನೋಡಿ ಒಳಗೆ ಹೋದಳು.

ಒಳಗೆ ಜಡ್ಜಮ್ಮ, ಇಬ್ಬರು ಲಾಯರ್‌ಗಳು, ಗುಮಾಸ್ತ, ಇನ್ಸ್‌ಪೆಕ್ಟರ್, ಅಕ್ಕ, ನಾನು. ಶಟರ್ ಇಳಿಯಿತು. ಇನ್ನು ಯಾರಾದರೂ ಹೊರಗೆ ನಡೆದು ತೋರಿಸಬೇಕು. ಭಾವನ ಕುಂಟು ನಡಿಗೆಗಿಂತ ಒಳ್ಳೆಯ ಗುರುತು ಬೇರೆ ಇರಲಿಲ್ಲ. ಆದರೆ ಅವನು ಬೆಳಗ್ಗೆಯೇ, ನನ್ನನ್ನು ಕರೆಯಬೇಡ ಎಂದು ಖಡಾಖಂಡಿತ ಹೇಳಿ ಮಹಡಿ ಹತ್ತಿದ್ದ. ಅಕ್ಕ ಇನ್ಸ್‌ಪೆಕ್ಟರನ್ನು ಕಳಿಸೋಣವೇ ಎಂದು ಕೇಳುತ್ತಿದ್ದಳು.

ಆಗ ಗೋಡೆಯ ಅಂಚಿನಲ್ಲಿ ಬಿಳಿ ಅಂಗಿಯೊಂದು ಬಂತು. ಅದರ ಮೇಲೆ ನೀಲಿ ಜೇಬು.

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಭಾವ ಬೀದಿಯುದ್ದ ನಡೆದ. ಬೇಕರಿಯ ಮುಂದೆ ಬಂದು ನಿಂತು, ಊರುಗೋಲನ್ನು ಎಡಗೈಗೆ ಬದಲಿಸಿ, ಬಲಗೈಯನ್ನು ಮೆಟ್ಟಿಲಿನ ಕಡೆಗೆ ಚಾಚಿದ. ಕೊಲೆಗಾರ ಚಾಚಿದ ಹಾಗೆ. ಜಡ್ಜಮ್ಮ ಕನ್ನಡಕ ತೆಗೆದು ಗುಮಾಸ್ತನ ಕೈಗೆ ಕೊಟ್ಟು, ಕಪ್ಪು ಕೋಟಿನಲ್ಲೇ ಸೊಂಟ ಬಗ್ಗಿಸಿ ತಲೆ ಕೆಳಗೆ ಮಾಡಿ ನೋಡಿದಳು. ಯಾರೂ ನಗಲಿಲ್ಲ.

"ಎಡಗೈ" ಎಂದಳು. ಬಗ್ಗಿಕೊಂಡೇ, "ಇನ್ನೊಂದು ಸಲ ನಡೀತಾರಾ ಕೇಳಿ."

ಭಾವ ಇನ್ನೊಂದು ಸಲ ನಡೆದ. ನೋಡಬೇಕಾದದ್ದು ಮುಗಿದಿತ್ತು. ಆದರೂ ಜಡ್ಜಮ್ಮ ಹೊರಡಲಿಲ್ಲ. ಗೋಡೆಯ ಮೇಲೆ ಬೇಕರಿಯವಳು ಹೊರಗೆ ಬಂದು ಭಾವನಿಗೆ ಕೂರಲು ಒಂದು ಸ್ಟೂಲು ಹಾಕಿದಳು. ಮಾತ್ರೆ ನೀರು ತಂದುಕೊಟ್ಟ. ಮೊದಲಿನಿಂದಲೂ ಬೈಯುತ್ತಿದ್ದ ಬೀದಿಯೇ ಬಣ್ಣಬಣ್ಣವಾಗಿ, ಸದ್ದಿಲ್ಲದೆ, ಕುಂಟನ ಸುತ್ತ ಸೇರಿಕೊಂಡಿತು. ಗುಮಾಸ್ತ ಕೆಮ್ಮಿದ. "ಇರಿ" ಎಂದಳು ಜಡ್ಜಮ್ಮ. ಮತ್ತೆ ಸ್ವಲ್ಪ ಹೊತ್ತು ನಿಂತಳು. ಹೋಗುವಾಗ ತೂತಿನ ಅಂಚನ್ನು ಬೆರಳಿಂದ ಸವರಿ, "ಇದು ನಿಮ್ಮ ಯಜಮಾನರಿಗೆ ಬಿದ್ದ ಗುಂಡಿಂದಲ್ಲವಾ?" ಎಂದು ಕೇಳಿದಳು. ಹೌದು ಎಂದಳು ಅಕ್ಕ.

ಕೊಲೆ ಕೇಸಿನಿಂದ ಎಡಚ ಬಿಡುಗಡೆಯಾದ. ಅವನ ಲಾಯರ್ ಕೋರ್ಟಿನಲ್ಲಿ, ಇಂಥ ಸತ್ಯವಂತ ಸಾಕ್ಷಿಯನ್ನು ನನ್ನ ಜೀವಮಾನದಲ್ಲೇ ಕಂಡಿಲ್ಲ, ಶತ್ರುವಿಗಾಗಿ ಸತ್ಯ ಹೇಳಿದ ಹೆಂಗಸು ಎಂದು ಅಕ್ಕನನ್ನು ಹಾಡಿ ಹೊಗಳಿದ. ಹೊಗಳುವಾಗ ಅವನಿಗೆ ಒಂದು ಮರೆತುಹೋಗಿತ್ತು. ಭಾವನ ಕಾಲಿನ ಕೇಸು ಇನ್ನೂ ನಡೆಯಬೇಕಿತ್ತು, ಅದಕ್ಕೂ ಸಾಕ್ಷಿ ಅವಳೇ. ಆ ದಿನ ಬಂದಾಗ ಅವಳ ಮಾತನ್ನು ಸುಳ್ಳೆನ್ನಲು ಅವನಿಗೆ ಬಾಯಿ ಬರಲಿಲ್ಲ. ತಾನು ಹೊಲಿದ ಜೇಬಿಗೆ ತಾನೇ ಸಿಕ್ಕಿಬಿದ್ದ. ಎಡಚನಿಗೆ ಶಿಕ್ಷೆಯಾಯಿತು. ಕಡಿಮೆಯಾಯಿತು ಎಂದು ಮಾತ್ರೆ ಈಗಲೂ ಬೈಯುತ್ತಾನೆ. ಬಲಗೈಯವನನ್ನು ಪೊಲೀಸರು ಮತ್ತೆ ಹುಡುಕತೊಡಗಿದ್ದಾರೆ. ಬೇಕರಿಯವಳು ವಾರಕ್ಕೊಮ್ಮೆ ಸ್ಟೇಷನ್ನಿಗೆ ಹೋಗಿ ಕೂತು ಬರುತ್ತಾಳೆ.

ಆದರೆ ನನಗೆ ಮರೆಯಲಾಗದ್ದು ಆ ಎರಡು ಕೇಸುಗಳ ನಡುವೆ, ಎಡಚ ಹೊರಗಿದ್ದ ದಿನಗಳಲ್ಲಿ, ಅವನು ಅಕ್ಕನ ಅಂಗಡಿಗೆ ಬಂದ ಮಧ್ಯಾಹ್ನ. ಹಿಂಬಾಗಿಲಲ್ಲಿ ನಿಂತಿದ್ದ. ಸೊರಗಿದ್ದ. ನನ್ನ ಕೈ ತಾನಾಗಿ ಕತ್ತರಿಯ ಮೇಲೆ ಹೋಯಿತು.

"ನಿಮ್ಮಿಂದ ಬಿಟ್ರು ಅಂದ್ರು" ಎಂದ.

"ನನ್ನಿಂದ ಅಲ್ಲ. ನೀನು ಹೊಡೆದಿರಲಿಲ್ಲ, ಅದಕ್ಕೆ" ಎಂದಳು ಅಕ್ಕ. "ಒಳಗೆ ಬಾ. ನೋಡು."

ಅವನು ಒಳಗೆ ಬಂದು ಗೋಡೆ ನೋಡಿದ. ಎಷ್ಟೋ ಜನ ಅಲ್ಲಿ ನಿಂತು ಬೆರಗಾದದ್ದು ನೋಡಿದ್ದೇನೆ. ಅವನ ಹಾಗೆ ಯಾರೂ ನಿಲ್ಲಲಿಲ್ಲ. ಬಾಯಿ ತೆರೆದುಕೊಂಡಿತ್ತು. ಅವನು ಪುಂಡನಾಗುವ ಮೊದಲು ಹೇಗಿದ್ದನೋ ಆ ಮುಖ ಒಂದು ಕ್ಷಣ ಬಂದು ಹೋಯಿತು.

"ಇದು ಎಲ್ಲಿಂದ ಬರ್ತಿದೆ?"

ಅಕ್ಕ ಶಟರಿನ ತೂತು ತೋರಿಸಿದಳು. "ನೀನು ಮಾಡಿದ್ದೇ."

ಅವನು ತೂತು ನೋಡಿದ, ಗೋಡೆ ನೋಡಿದ, ತನ್ನ ಎಡಗೈ ನೋಡಿಕೊಂಡ. ಮೇಜಿನ ಮೇಲೆ ಮಲಗಿದ್ದ ಭಾವ ಕಣ್ಣು ಬಿಟ್ಟುಕೊಂಡೇ ಇದ್ದ.

"ಬರೋ ತಿಂಗಳು ಇವರ ಕಾಲಿನ ಕೇಸಲ್ಲೂ ನಾನು ಸಾಕ್ಷಿ ಹೇಳ್ತೀನಪ್ಪ" ಎಂದಳು ಅಕ್ಕ, ಬಟ್ಟೆ ಯಾವಾಗ ಕೊಡುತ್ತೇನೆಂದು ಗಿರಾಕಿಗೆ ಹೇಳುವ ದನಿಯಲ್ಲಿ. "ಅವತ್ತು ನಾನು ಹೊರಗೇ ನಿಂತಿದ್ದೆ. ಗೋಡೆ ಮೇಲಲ್ಲ, ಕಣ್ಣಾರೆ ನೋಡಿದ್ದು. ಅಲ್ಲಿ ಎಡ ಅಂದ್ರೆ ಎಡವೇ."

ಅವನು ತಲೆ ಆಡಿಸಿ ಹಿಂಬಾಗಿಲಿನಿಂದ ಹೋದ. ನಾವು ಗೋಡೆಯನ್ನೇ ನೋಡುತ್ತ ಕೂತೆವು. ಓಣಿ ಸುತ್ತಿಕೊಂಡು ಬಂದು ಬೀದಿಯಲ್ಲಿ ಕಾಣಿಸಿಕೊಂಡ. ಸೂರಿನಿಂದ ಜೋತುಬಿದ್ದ ಒಂದು ಸಣ್ಣ ಆಕೃತಿ. ನಡೆಯುತ್ತಿದ್ದವನು ನಿಂತ. ಶಟರಿನ ಕಡೆಗೆ ತಿರುಗಿದ. ಹತ್ತಿರ ಬಂದಂತೆ ಗೋಡೆಯ ಮೇಲೆ ದೊಡ್ಡದಾಗುತ್ತ, ಮಬ್ಬಾಗುತ್ತ ಹೋದ. ಆಮೇಲೆ ಇದ್ದಕ್ಕಿದ್ದಂತೆ ಬೀದಿ ಆರಿಹೋಯಿತು. ಬೇಕರಿ, ಬೋರ್ಡು, ಆಕಾಶ ಯಾವುದೂ ಇಲ್ಲ, ಕಗ್ಗತ್ತಲು. ಅವನು ತೂತಿನೊಳಗೆ ಬೆರಳಿಟ್ಟಿದ್ದ.

ಮೂವರೂ ಉಸಿರಾಡುವುದು ಕೇಳುತ್ತಿತ್ತು. ಯಾರೂ ಏಳಲಿಲ್ಲ.

ಅವನು ಬೆರಳು ತೆಗೆದ. ಬೀದಿ ಮರಳಿ ಬಂತು, ಮೊದಲು ಬೆಳಕು, ಆಮೇಲೆ ಬಣ್ಣ, ಆಮೇಲೆ ಜನ. ಬೇಕರಿಯವಳು ಮೆಟ್ಟಿಲು ತೊಳೆಯುತ್ತಿದ್ದಳು. ನೀರು ಮೇಲಕ್ಕೆ ಹರಿಯುತ್ತಿತ್ತು.